ಬಾಬಯ್ಯನ ಹಬ್ಬಕ್ಕೊಂದು ಅಡಿಟಿಪ್ಪಣಿ

ಕರಡಚ್ಚಿನ ಒಂದು ಪುಟ ಮೂರು ದಿನದಿಂದ ನನ್ನ ಮೇಜಿನ ಮೇಲೆ ಕುಳಿತಿದೆ. ಒಂದೇ ಹಬ್ಬಕ್ಕೆ ಅದರಲ್ಲಿ ನಾಲ್ಕು ಹೆಸರು: ಮುಹರ್ರಮ್, ಮೊಹರಂ, ಅಲಾಯಿ ಹಬ್ಬ, ಬಾಬಯ್ಯನ ಹಬ್ಬ. ಮೊದಲನೆಯದು ಅರಬ್ಬಿ ಬಲ್ಲ ಲೇಖಕರು ಬರೆದದ್ದು. ಎರಡನೆಯದು ನಮ್ಮ ಪತ್ರಿಕೆಗಳು ರೂಢಿಸಿದ್ದು. ಮೂರನೆಯದು ಕೊಪ್ಪಳ, ರಾಯಚೂರು ಕಡೆ ಹಬ್ಬದ ರಿವಾಯತು ಪದ ಹಾಡುವವರ ಬಾಯಿಯದು. ನಾಲ್ಕನೆಯದು ಹಳೇ ಮೈಸೂರು ಸೀಮೆಯ ಹಳ್ಳಿಯದು. ಒಂದು ಪುಸ್ತಕಕ್ಕೆ ಒಂದೇ ಕಾಗುಣಿತ ಎನ್ನುವುದು ಕರಡು ತಿದ್ದುವವರಿಗೆ ಮೊದಲು ಹೇಳಿಕೊಡುವ ಪಾಠ. ಅದರ ಪ್ರಕಾರ ಮೂರು ಹೆಸರುಗಳನ್ನು ಹೊಡೆದುಹಾಕಬೇಕು. ಕೈ ಏಳುತ್ತಿಲ್ಲ.

ನಾನಿರುವುದು ಬೆಂಗಳೂರಿನ ಕುಕ್ ಟೌನಿನಲ್ಲಿ, ವೀಲರ್ ರಸ್ತೆಯ ಒಂದು ಅಡ್ಡಬೀದಿಯಲ್ಲಿ. ಸಂಶೋಧನ ಗ್ರಂಥಗಳ ಕರಡು ತಿದ್ದುವುದು, ಅಡಿಟಿಪ್ಪಣಿ ಹೊಂದಿಸುವುದು, ಪದಸೂಚಿ ಕಟ್ಟುವುದು ನನ್ನ ಕೆಲಸ. ಅದರಲ್ಲೂ ಮುಸ್ಲಿಂ ಸಮಾಜ, ಸೂಫಿ ಪರಂಪರೆ, ಇಸ್ಲಾಮೀ ಸಂಸ್ಕೃತಿಯ ಬಗೆಗಿನ ಕನ್ನಡ ಪುಸ್ತಕಗಳೆಂದರೆ ನನಗೆ ವಿಶೇಷ ಪ್ರೀತಿ. ಇದು ಹೆಚ್ಚು ಜನರಿಗೆ ಗೊತ್ತಿಲ್ಲದ ಕಸುಬು. ಪುಸ್ತಕದ ಮುಖಪುಟ ನೋಡಿದವರು ಲೇಖಕರನ್ನು ನೆನೆಯುತ್ತಾರೆ, ಬೆನ್ನು ನೋಡಿದವರು ಪ್ರಕಾಶಕರನ್ನು. ನಡುವೆ ಒಂದು ಅಕ್ಷರದ ಕೆಳಗೆ ಚುಕ್ಕಿ ಬರಬೇಕೋ ಬೇಡವೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವರು ಯಾರೋ ಇರುತ್ತಾರೆ.

ಈ ಕೆಲಸಕ್ಕೆ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಗಳಿಂದ ಜನ ಹೊರಕ್ಕೆ ಸರಿದಂತೆ ಹಬ್ಬಿದ ಬಡಾವಣೆಗಳ ಸಾಲು ನಮ್ಮ ಈ ಕಡೆಯದು. ಪಕ್ಕದ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಗೆ ಆ ಹೆಸರು ತಂದದ್ದು ಹಾಜಿ ಸರ್ ಇಸ್ಮಾಯಿಲ್ ಸೇಠರ ಮಸೀದಿ. ಹಚಿನ್ಸ್ ರಸ್ತೆಯ ಕಡೆ ಹೋದರೆ 1967ರಲ್ಲಿ ಶುರುವಾದ ಕ್ಯಾಥೊಲಿಕರ ಬೈಬಲ್ ಅಧ್ಯಯನ ಕೇಂದ್ರ. ಶಿವಾಜಿನಗರದ ಓಣಿಗಳಲ್ಲಿ ಅತ್ತರಿನ ಅಂಗಡಿಯ ಪಕ್ಕದಲ್ಲೇ ಉರ್ದು ಕಿತಾಬುಗಳು. ಉರ್ದು, ಇಂಗ್ಲಿಷ್, ಕನ್ನಡ ಮೂರೂ ಒಂದೇ ಬೀದಿಯಲ್ಲಿ ನಡೆಯುತ್ತವೆ. ಆದರೆ ಪುಸ್ತಕದ ಒಳಗೆ ಒಂದು ಇನ್ನೊಂದರ ಮುಖ ನೋಡುವುದು ಅಪರೂಪ. ಕರ್ನಾಟಕದ ಇಸ್ಲಾಮೀ ಬದುಕಿನ ಬಗೆಗಿನ ವಿದ್ವತ್ತು ಈ ಮೂರು ಭಾಷೆಗಳಲ್ಲಿ ಹಂಚಿಹೋಗಿದೆ. ಅದನ್ನು ಒಂದೆಡೆ ಸೇರಿಸುವ ಕೆಲಸ ಕನ್ನಡದಲ್ಲೇ ಆಗಬೇಕು, ಯಾಕೆಂದರೆ ಆ ಬದುಕಿನ ದೊಡ್ಡ ಪಾಲು ನಡೆದದ್ದು ಕನ್ನಡದಲ್ಲಿ. ಇದು ನನ್ನ ದೃಢವಾದ ನಂಬಿಕೆ.

ಉರ್ದುವಿನಿಂದಲೇ ಶುರು ಮಾಡೋಣ. 1860ರ ದಶಕದಲ್ಲಿ ಬೆಂಗಳೂರಿನಿಂದ 'ಖಾಸಿಮುಲ್ ಅಖ್ಬಾರ್' ಹೊರಡುತ್ತಿತ್ತು. 1870ರ ದಶಕದಲ್ಲಿ 'ಮನ್ಶೂರೆ ಮುಹಮ್ಮದಿ' ಎಂಬ ಪತ್ರಿಕೆ ಮಿಷನರಿಗಳೊಂದಿಗೆ ಧರ್ಮಚರ್ಚೆಗೆ ನಿಂತಿತ್ತು. ಪಂಜಾಬಿನಷ್ಟು ದೂರದಿಂದಲೂ ಅದಕ್ಕೆ ಲೇಖನಗಳು ಬರುತ್ತಿದ್ದವು. ಆ ಕಾಲದ ಉರ್ದು ಅಚ್ಚು ಎಂದರೆ ಕಲ್ಲಚ್ಚು. ಅದರ ಜೀವಾಳ ಕಾತಿಬ್, ಅಂದರೆ ಲಿಪಿಕಾರ. ಬರೂ ಕಡ್ಡಿಯ ಲೇಖನಿಯನ್ನು ಓರೆಯಾಗಿ ಕತ್ತರಿಸಿಕೊಂಡು, ಎಣ್ಣೆಯಂಶದ ಮಸಿಯಲ್ಲಿ, ಸರಿಮಾಡಿದ ಕಾಗದದ ಮೇಲೆ ಇಡೀ ಪುಟವನ್ನು ಕೈಯಲ್ಲೇ ಬರೆಯಬೇಕಿತ್ತು. ಆ ಬರಹವನ್ನು ಕಲ್ಲಿನ ಮೇಲೆ ಮಗುಚಿ ಒತ್ತಿ ಇಳಿಸಿಕೊಂಡು ಪ್ರತಿ ತೆಗೆಯುತ್ತಿದ್ದರು. ಮೊಳೆ ಜೋಡಿಸುವ ಅಚ್ಚು ಉರ್ದುವಿಗೆ ಯಾಕೆ ಒಗ್ಗಲಿಲ್ಲ ಎಂದರೆ, ನಸ್ತಾಲಿಕ್ ಶೈಲಿಯಲ್ಲಿ ಅಕ್ಷರಗಳು ಸಾಲಿನಲ್ಲಿ ಕೂರುವುದಿಲ್ಲ. ಬಲದ ಮೇಲ್ತುದಿಯಿಂದ ಎಡಕ್ಕೆ ಜಾರುತ್ತ ಒಂದರ ತೋಳಿನಲ್ಲಿ ಒಂದು ಸೇರಿಕೊಳ್ಳುತ್ತವೆ. 1981ರಲ್ಲಿ ನೂರಿ ನಸ್ತಾಲಿಕ್ ಎಂಬ ಗಣಕಲಿಪಿ ಬರಬೇಕಾದರೆ ಹೀಗೆ ಕೂಡಿದ ಸಾವಿರಾರು ಅಕ್ಷರಗುಚ್ಛಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದು ಕೊಡಬೇಕಾಯಿತು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಕಾತಿಬರ ಕೈಗೆ ಕೆಲಸ ಕಡಿಮೆಯಾಯಿತು. ಚೆನ್ನೈನಲ್ಲಿ 1927ರಲ್ಲಿ ಹುಟ್ಟಿದ 'ದ ಮುಸಲ್ಮಾನ್' ದಿನಪತ್ರಿಕೆ ಕೈಬರಹವನ್ನು ಬಿಡದೆ ಉಳಿಸಿಕೊಂಡು ಹೆಸರಾಯಿತು. ನಮ್ಮ ದಂಡಿನ ಕಾತಿಬರ ಹೆಸರುಗಳನ್ನು ಯಾರೂ ಪಟ್ಟಿ ಮಾಡಿಟ್ಟದ್ದನ್ನು ನಾನು ಕಂಡಿಲ್ಲ. ಹಳೆಯ ಉರ್ದು ಪುಸ್ತಕಗಳ ಕೊನೆಯ ಪುಟದ ಮೂಲೆಯಲ್ಲಿ ಸಣ್ಣಗೆ ಬರೆದ ಒಂದು ಹೆಸರು ಕಂಡಾಗ ನಾನು ಅದನ್ನು ಗುರುತು ಹಾಕಿಕೊಳ್ಳುತ್ತೇನೆ. ಕರಡು ತಿದ್ದುವವಳಿಗೆ ಅವರು ಬಂಧುಗಳೇ ತಾನೆ.

ಇಂಗ್ಲಿಷಿನ ಕಥೆ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಾಲಯದ ಸುಮಾರು 2000 ಸಂಪುಟಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಹತ್ತು ವರ್ಷದ ನಂತರ, 1809ರಲ್ಲಿ, ಚಾರ್ಲ್ಸ್ ಸ್ಟೂವರ್ಟ್ ಅದರ ವಿವರಣಾತ್ಮಕ ಸೂಚಿಯನ್ನು ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಅದೇ 1809ರಲ್ಲಿ ಬೆಂಗಳೂರಿನ ದಂಡು ನೆಲೆಯೂರಿತು. ಮೈಸೂರಿನ ಪುಸ್ತಕಗಳ ಪಟ್ಟಿಗಾಗಿ ಮೈಸೂರಿನವರು ಕೇಂಬ್ರಿಜ್ ಕಡೆ ನೋಡಬೇಕಾಯಿತು. ಮುಂದೆ ಇದೇ ದಂಡಿನಲ್ಲಿ ಅನ್ಯಧರ್ಮಗಳನ್ನು ಗೌರವದಿಂದ ಓದುವ ಕ್ರೈಸ್ತ ವಿದ್ವಾಂಸರ ಪರಂಪರೆಯೂ ಬೆಳೆಯಿತು. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದ್ದು. ಪಿ.ಡಿ. ದೇವನಂದನ್, ಎಂ.ಎಂ. ಥಾಮಸ್ ಅವರ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು.

ಇಸ್ಲಾಮೀ ಸಂಸ್ಕೃತಿಯ ವಿದ್ವತ್ ಪ್ರಕಟಣೆಗೆ ದಕ್ಷಿಣದಲ್ಲಿ ದೊಡ್ಡ ಮನೆಯಾದದ್ದು ಹೈದರಾಬಾದು. ಅಲ್ಲಿನ ದಾಯಿರತುಲ್ ಮಆರಿಫ್ 1888ರಿಂದ ಅರಬ್ಬಿ ಹಸ್ತಪ್ರತಿಗಳನ್ನು ಸಂಪಾದಿಸಿ ಅಚ್ಚು ಹಾಕುತ್ತ ಬಂತು. 1927ರಲ್ಲಿ 'ಇಸ್ಲಾಮಿಕ್ ಕಲ್ಚರ್' ತ್ರೈಮಾಸಿಕ ಶುರುವಾಯಿತು. ಅದರ ಮೊದಲ ಸಂಪಾದಕರು ಕುರ್‌ಆನನ್ನು ಇಂಗ್ಲಿಷಿಗೆ ತಂದ ಮಾರ್ಮಡ್ಯೂಕ್ ಪಿಕ್ತಾಲ್. ಕಲಬುರಗಿ, ಬೀದರ, ರಾಯಚೂರು ಆಗ ನಿಜಾಮರ ಸೀಮೆ. ಹಾಗಾಗಿ ನಮ್ಮ ನೆಲದ ಚರಿತ್ರೆಯ ಎಷ್ಟೋ ಪುಟಗಳು ಹೈದರಾಬಾದಿನ ವಿದ್ವಾಂಸರ ಕೈಯಲ್ಲಿ ಇಂಗ್ಲಿಷಿನಲ್ಲಿ ಮೂಡಿದವು. ಹಾರೂನ್ ಖಾನ್ ಶೇರ್ವಾನಿ 1942ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಬಗ್ಗೆ ಬರೆದರು. 1947ರಲ್ಲಿ ಗುಲಾಮ್ ಯಜ್ದಾನಿಯವರ ಬೀದರಿನ ಗ್ರಂಥ ಬಂತು. ಬೀದರಿನ ಕೋಟೆಯ ಒಂದೊಂದು ಕಲ್ಲನ್ನೂ ಯಜ್ದಾನಿ ಮುಟ್ಟಿ ನೋಡಿದ್ದರೆನ್ನಿಸುತ್ತದೆ. ಬೀದರಿನ ಕನ್ನಡ ಶಾಲೆಯ ಮಕ್ಕಳಿಗೆ ಆ ಪುಸ್ತಕ ಎಷ್ಟು ದೂರ!

ನಾನು ಮತ್ತೆ ಮತ್ತೆ ತೆಗೆಯುವ ಎರಡು ಪುಸ್ತಕಗಳಿವೆ. ಒಂದು, ರಿಚರ್ಡ್ ಈಟನ್ ಅವರ ಬಿಜಾಪುರದ ಸೂಫಿಗಳ ಅಧ್ಯಯನ, 1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದದ್ದು. ಅದರಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡುತ್ತಿದ್ದ ದಖನಿ ಉರ್ದುವಿನ 'ಚಕ್ಕೀನಾಮಾ'ಗಳ, ರಾಟೆಯ 'ಚರಖಾನಾಮಾ'ಗಳ ಚರ್ಚೆ ಇದೆ. ಬೀಸುಕಲ್ಲಿನ ಗೂಟವನ್ನು ಅಲ್ಲಾಹನ ಹೆಸರಿನ ಮೊದಲಕ್ಷರ ಅಲಿಫ್‌ಗೆ ಹೋಲಿಸುವ ಹಾಡುಗಳು ಅವು. ಸೂಫಿ ಭಕ್ತಿ ಹಳ್ಳಿಯ ಒಳಮನೆಯನ್ನು ಸೇರಿದ್ದು ಕತ್ತಿಯಿಂದಲೂ ಅಲ್ಲ, ತರ್ಕದಿಂದಲೂ ಅಲ್ಲ, ಜೋಳ ಬೀಸುವ ಹೆಂಗಸರ ದನಿಯಿಂದ ಎಂದು ಈಟನ್ ತೋರಿಸಿದರು. ಈ ಮಾತು ಕನ್ನಡದ ಓದುಗರಿಗೆ ತಟ್ಟನೆ ಅರ್ಥವಾಗುತ್ತದೆ. ನಮ್ಮ ಬೀಸುವ ಪದಗಳಲ್ಲಿ ಮಾದೇವನೂ ಬಸವಣ್ಣನೂ ಬಂದು ಕೂತದ್ದು ಹೀಗೆಯೇ.

ಇನ್ನೊಂದು, ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು', 1998ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ್ದು. ಈಟನ್ ಹಸ್ತಪ್ರತಿಗಳ ಮುಂದೆ ಕೂತರೆ ತರೀಕೆರೆ ಉರುಸುಗಳಿಗೆ ಹೋದರು, ಫಕೀರರ ಜೊತೆ ನಡೆದರು, ದರ್ಗಾಗಳ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು. ಗುರುಪಂಥಗಳ ತತ್ವಪದಗಳೂ ಸೂಫಿ ಹಾಡುಗಳೂ ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದನ್ನು ಕನ್ನಡದಲ್ಲೇ ಯೋಚಿಸಿ ಬರೆದರು. ಇಂಗ್ಲಿಷಿನಲ್ಲಿ ಅಡಿಟಿಪ್ಪಣಿಯಾಗಿ ಉಳಿಯಬಹುದಾಗಿದ್ದ ಎಷ್ಟೋ ಹೆಸರುಗಳು ಅಲ್ಲಿ ಅಧ್ಯಾಯಗಳಾಗಿವೆ. ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಕನ್ನಡ ಸಂಶೋಧನೆಯ ಬಗ್ಗೆ ಕೀಳರಿಮೆ ಉಳಿಯುವುದಿಲ್ಲ.

ವಿಜಯಪುರದ (ಹಿಂದಿನ ಬಿಜಾಪುರ) ಒಂದು ಯೋಜನೆಯನ್ನೂ ಹೇಳಲೇಬೇಕು. ಅಲ್ಲಿನ ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಲು ಹೊರಟಿತು. ವಚನಗಳ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿದ ಹಳಕಟ್ಟಿಯವರ ಹೆಸರಿನ ಕೇಂದ್ರ ಅದು. ಯೋಜನೆಯ ಪ್ರಧಾನ ಸಂಪಾದಕತ್ವ ವಹಿಸಿದ್ದವರು ಎಂ.ಎಂ. ಕಲಬುರ್ಗಿ. ಜೊತೆಗೆ ದುಡಿದವರು ಕೃಷ್ಣ ಕೊಲ್ಹಾರ ಕುಲಕರ್ಣಿ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಕೊಂದರು. ವಚನಗಳ ವಿದ್ವಾಂಸರೊಬ್ಬರು ಇಳಿವಯಸ್ಸಿನಲ್ಲಿ ಬಿಜಾಪುರದ ಸುಲ್ತಾನರ ಬರಹಗಳ ಕರಡು ನೋಡುತ್ತಿದ್ದರು ಎಂಬ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಇನ್ನು ಕಸುಬಿನ ಒಳಮನೆಗೆ ಬರೋಣ. ಅರಬ್ಬಿ ಮೂಲದ ಲಿಪಿಯಲ್ಲಿ ಬರೆಯುವ ನಾಲ್ಕು ಬೇರೆ ಬೇರೆ ಅಕ್ಷರಗಳನ್ನು ಉರ್ದು ಬಾಯಿ 'ಜ಼' ಎಂದೇ ಉಚ್ಚರಿಸುತ್ತದೆ. 'ಸ'ಕಾರಕ್ಕೆ ಮೂರು ಅಕ್ಷರ. ಇಂಗ್ಲಿಷಿನ ವಿದ್ವತ್ ಪುಸ್ತಕಗಳು ಮೇಲೆ ಗೆರೆ, ಕೆಳಗೆ ಚುಕ್ಕಿ ಇಟ್ಟು ಒಂದೊಂದನ್ನೂ ಬೇರೆ ಮಾಡುತ್ತವೆ. ಕನ್ನಡದಲ್ಲಿ ನಮಗಿರುವುದು 'ಜ', 'ಫ'ಗಳ ಕೆಳಗಿನ ಚುಕ್ಕಿ. ಅದೂ ಎಷ್ಟು ಬಾರಿ ಪುಟವಿನ್ಯಾಸದಲ್ಲಿ ಮಾಯವಾಗುತ್ತದೆ. "ಮೇಡಂ, ಕೆಳಗೆ ಏನೋ ಕಸ ಬಂದಿತ್ತು, ತೆಗೆದುಬಿಟ್ಟೆ" ಎಂದು ಅಕ್ಷರ ಜೋಡಿಸುವ ಹುಡುಗ ಒಮ್ಮೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಇನ್ನೂರು ಪುಟದ ಚುಕ್ಕಿಗಳನ್ನು ಇಬ್ಬರೂ ಕೂತು ಮತ್ತೆ ಇಟ್ಟೆವು.

ಕೆಲವು ಕಡೆ ಚುಕ್ಕಿಯೂ ಸಾಲದು. ಸೂಫಿಗಳ ಬರಹದಲ್ಲಿ ಹೆಜ್ಜೆಗೊಮ್ಮೆ ಬರುವ ಪದ ಹೃದಯ ಎಂಬರ್ಥದ್ದು. ಅದನ್ನು ಕನ್ನಡದಲ್ಲಿ 'ಕಲ್ಬ್' ಎಂದು ಬರೆದರೆ ನಾಯಿ ಎಂಬರ್ಥದ ಇನ್ನೊಂದು ಅರಬ್ಬಿ ಪದಕ್ಕೂ ಅದೇ ರೂಪ. ಗಂಟಲಿನ ಆಳದ 'ಕ'ಕಾರಕ್ಕೂ ಸಾದಾ 'ಕ'ಕಾರಕ್ಕೂ ನಮ್ಮಲ್ಲಿ ಬೇರೆ ಅಕ್ಷರವಿಲ್ಲ. ನನಗೆ ದಾರಿ ತೋರಿಸಿದ್ದು ಶಿವಾಜಿನಗರ. ಇಲ್ಲಿನ ದಖನಿಯವರು ಆ ಆಳದ 'ಕ'ವನ್ನು 'ಖ' ಎನ್ನುತ್ತಾರೆ: ಖಲಮ್, ಖಾಜಿ, ಖುರಾನ್. ಲಖನೌದ ಉರ್ದುವಿನವರು ಇದನ್ನು ತಪ್ಪು ಎಂದಾರು. ಕನ್ನಡ ಪುಸ್ತಕಕ್ಕೆ ಅದೇ ವರವಾಯಿತು. 'ಖಲ್ಬ್' ಎಂದು ಬರೆದೆ. ಹೃದಯಕ್ಕೆ ಅದರ ಮಾನ ಉಳಿಯಿತು.

ಕಾಲಗಣನೆ ಇನ್ನೊಂದು ಉರುಳು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ನಮ್ಮ ಪಂಚಾಂಗದಂತೆ ಅದರಲ್ಲಿ ಅಧಿಕಮಾಸ ಇಲ್ಲ. ಹಾಗಾಗಿ ಶಕವರ್ಷಕ್ಕೆ 78 ಕೂಡಿಸಿದಂತೆ ಹಿಜರಿಗೆ 622 ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಕಲಬುರಗಿಯ ಸೂಫಿ ಸಂತ ಬಂದೇನವಾಜರು ತೀರಿಕೊಂಡದ್ದು ಹಿಜರಿ 825ರಲ್ಲಿ. ಹಾಗೆ ಕೂಡಿಸಿದರೆ 1447 ಬರುತ್ತದೆ. ನಿಜವಾಗಿ ಅದು 1422. ಕೂಡುವ ಅವಸರದಲ್ಲಿ ಆ ಸಂತರಿಗೆ ಇಪ್ಪತ್ತೈದು ವರ್ಷದ ಆಯುಸ್ಸು ಹೆಚ್ಚುತ್ತದೆ!

ಗೋರಿಗಳ ಮೇಲೆ, ಮಸೀದಿಯ ಬಾಗಿಲಿನ ಮೇಲೆ ವರ್ಷವನ್ನು ಅಂಕಿಯ ಬದಲು ಪದಗಳಲ್ಲಿ ಅಡಗಿಸಿಡುವ ರೂಢಿಯೂ ಇದೆ. ನಮ್ಮ ಶಾಸನಗಳಲ್ಲಿ ಚಂದ್ರ ಎಂದರೆ 1, ಬಾಣ ಎಂದರೆ 5 ಆಗುವಂತೆ ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ. ಆಟೋಗಳ ಬೆನ್ನ ಮೇಲಿನ 786 ಇದೇ ಲೆಕ್ಕದ್ದು, ಬಿಸ್ಮಿಲ್ಲಾಹ್ ವಾಕ್ಯದ ಅಕ್ಷರಗಳ ಮೊತ್ತ. ಪದದ ನಡುವೆ ಬಂದಾಗ ಒಂದೇ ಹಲ್ಲಿನ ಆಕಾರದ ಅಕ್ಷರಕ್ಕೆ ಕೆಳಗೆ ಒಂದು ಚುಕ್ಕಿ ಇದ್ದರೆ ಬೆಲೆ 2, ಕೆಳಗೆ ಎರಡಿದ್ದರೆ 10, ಮೇಲೆ ಒಂದಿದ್ದರೆ 50, ಮೇಲೆ ಎರಡಿದ್ದರೆ 400. ಮಳೆಗೆ ಸವೆದ ಕಲ್ಲಿನ ಮೇಲೆ ಒಂದು ಚುಕ್ಕಿ ಅಳಿಸಿದರೆ ಶತಮಾನಗಳೇ ಆಚೀಚೆ ಆಗುತ್ತವೆ.

ಪದಸೂಚಿ ಇಲ್ಲದ ಸಂಶೋಧನ ಗ್ರಂಥ ನನಗೆ ಬಾಗಿಲಿಲ್ಲದ ಮನೆಯಂತೆ. ಕನ್ನಡದಲ್ಲಿ ಅಂಥ ಮನೆಗಳು ಬಹಳ. ಅಡಿಟಿಪ್ಪಣಿ, ಸೂಚಿ ಸೇರಿದರೆ ಪುಟ ಹೆಚ್ಚುತ್ತದೆ, ಪುಟ ಹೆಚ್ಚಿದರೆ ಬೆಲೆ. ಗ್ರಂಥಾಲಯ ಇಲಾಖೆ ಕೊಳ್ಳುವ 300 ಪ್ರತಿಯನ್ನೇ ನೆಚ್ಚಿದ ಸಣ್ಣ ಪ್ರಕಾಶಕರು ಮೊದಲು ಕತ್ತರಿಸುವುದು ಸೂಚಿಯನ್ನೇ. ಅವರ ಕಷ್ಟ ನನಗೆ ಗೊತ್ತು. ಆದರೂ ಪ್ರತಿ ಸಲ ಜಗಳ ಆಡುತ್ತೇನೆ. ಬಂದೇನವಾಜರ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ನೀಳ ಕೇಶದಿಂದಾಗಿ ಗೇಸೂದರಾಜ್. ಒಂದೇ ಪುಸ್ತಕದಲ್ಲಿ ಮೂರು ಹೆಸರಿನಲ್ಲಿ ಬರುವ ಒಬ್ಬರೇ ವ್ಯಕ್ತಿಯನ್ನು ಹೊಸ ಓದುಗರು ಹೇಗೆ ಹಿಡಿಯಬೇಕು? ತಿಂಥಣಿಯ ಸಂತ ಮೋನಪ್ಪಯ್ಯನನ್ನು ಮೋನುದ್ದೀನ್ ಎಂದು ಕರೆಯುವವರಿದ್ದಾರೆ. ಸಾವಳಗಿಯ ಶಿವಲಿಂಗೇಶ್ವರ ಮಠದ ಕಥೆಗಳಲ್ಲಿ ಬಂದೇನವಾಜರು ಬರುತ್ತಾರೆ. ಇವರನ್ನು ಯಾವ ಶೀರ್ಷಿಕೆಯ ಕೆಳಗೆ ಇಡಬೇಕು? 'ಹಿಂದೂ', 'ಮುಸ್ಲಿಂ' ಎಂದು ಎರಡು ಪಟ್ಟಿ ಮಾಡಿದ ಸೂಚಿಯೊಂದು ನನ್ನ ಕೈಗೆ ಬಂದಿತ್ತು. ಎರಡನ್ನೂ ಒಡೆದು, ಎಲ್ಲರನ್ನೂ ಅಕಾರಾದಿಯಲ್ಲಿ ಒಟ್ಟಿಗೆ ಕೂರಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಬೆಂಗಳೂರು ಪೂರ್ವ ನಿಲ್ದಾಣದ ಕಡೆಯಿಂದ ರೈಲಿನ ಸದ್ದು ಕೇಳುತ್ತಿರುವಾಗ, ಆ ಪುಟವನ್ನು ಎಳೆದುಕೊಂಡೆ. ಕೊಪ್ಪಳದ ಅಧ್ಯಾಯದಲ್ಲಿ ಅಲಾಯಿ ಹಬ್ಬ ಉಳಿಯಿತು, ಮಂಡ್ಯದ ಅಧ್ಯಾಯದಲ್ಲಿ ಬಾಬಯ್ಯನ ಹಬ್ಬ. ಮುಹರ್ರಮ್ ತಿಂಗಳ ಹೆಸರಾಗಿ ಮಾತ್ರ ನಿಂತಿತು. ಲೇಖಕರಿಗೆ ಫೋನು ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಜ್ಜಿ ಬಾಬಯ್ಯನ ಹಬ್ಬ ಅಂತಲೇ ಅನ್ನುತ್ತಿದ್ದರು ಕಣಮ್ಮ, ನಾನೇ ಬರೆಯುವಾಗ ಮರೆತೆ" ಎಂದರು. ಪದಸೂಚಿಯ 'ಮ' ಅಕ್ಷರದಡಿ ಈಗ ಒಂದು ಸಾಲು ಹೊಸದಾಗಿ ಸೇರಿದೆ: ಮೊಹರಂ – ಅಲಾಯಿ ಹಬ್ಬ, ಬಾಬಯ್ಯನ ಹಬ್ಬ ನೋಡಿ.