ಗಡಿ ದಾಟುವ ತಂತ್ರಾಂಶ: ಸಾಹಿತ್ಯವೋ, ಸರಕೋ?

ತಿರುಪ್ಪೂರಿನ ಬನಿಯನ್ನು ಕಡಲಾಚೆಗೆ ಹೋಗಬೇಕಾದರೆ ಬಂದರಿನಲ್ಲಿ ಸುಂಕದ ಅಧಿಕಾರಿಗಳು ಕಾಗದಪತ್ರ ನೋಡುತ್ತಾರೆ. ಕೊಯಮತ್ತೂರಿನ ಟೈಡಲ್ ಪಾರ್ಕಿನಿಂದ ಹೊರಡುವ ತಂತ್ರಾಂಶಕ್ಕೆ ಪೆಟ್ಟಿಗೆಯೂ ಬೇಡ, ಹಡಗೂ ಬೇಡ. ಒಂದು ಇ-ಮೇಲ್ ಸಾಕು. ಆದರೂ ಕಾನೂನಿನ ದೃಷ್ಟಿಯಲ್ಲಿ ಅದೂ ರಫ್ತೇ.

ನಾಗರಿಕ ಬಳಕೆಗೂ ಸೈನಿಕ ಬಳಕೆಗೂ ಒದಗುವ ವಸ್ತು, ತಂತ್ರಾಂಶ, ತಂತ್ರಜ್ಞಾನಗಳನ್ನು ಭಾರತವು ‘ಸ್ಕೋಮೆಟ್’ ಪಟ್ಟಿಯಲ್ಲಿರಿಸಿದೆ. 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಯೂ, 1992ರ ವಿದೇಶ ವ್ಯಾಪಾರ ಕಾಯ್ದೆಗೆ 2010ರಲ್ಲಿ ಸೇರಿದ ಅಧ್ಯಾಯವೂ ಇದಕ್ಕೆ ಆಧಾರ. 2017ರಲ್ಲಿ ಭಾರತ ವಾಸೆನಾರ್ ಒಪ್ಪಂದಕ್ಕೆ ಸೇರಿತು. ಗೂಢಲಿಪಿ ತಂತ್ರಾಂಶದ ಕೆಲವು ಬಗೆಗಳೂ ಈ ಪಟ್ಟಿಯಲ್ಲಿವೆ. ಅವುಗಳನ್ನು ಹೊರದೇಶಕ್ಕೆ ಕಳುಹಿಸಲು ಪರವಾನಗಿ ಅವಶ್ಯ.

ಹಾಗಾದರೆ ಬರೆಯುವವನ ಸ್ವಾತಂತ್ರ್ಯದ ಗತಿಯೇನು? ಈ ಪ್ರಶ್ನೆ ಮೊದಲು ಅಮೆರಿಕದಲ್ಲಿ ಎದ್ದಿತು. ಬರ್ಕ್ಲಿಯ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೈನ್ ತಾನು ರಚಿಸಿದ ‘ಸ್ನಫಲ್’ ಎಂಬ ಗೂಢಲಿಪಿ ವಿಧಾನವನ್ನು ಪ್ರಕಟಿಸಹೊರಟಾಗ, ಅದು ಶಸ್ತ್ರಾಸ್ತ್ರಗಳ ಪಟ್ಟಿಗೆ ಸೇರಿದ್ದು, ಪರವಾನಗಿ ಬೇಕೆಂದು ಸರ್ಕಾರ ಹೇಳಿತು. 1995ರಲ್ಲಿ ಆತ ದಾವೆ ಹೂಡಿದ. 1999ರಲ್ಲಿ ಮೇಲ್ಮನವಿ ಪೀಠವು ಮೂಲ ಕೋಡ್ ಸಹ ಅಭಿವ್ಯಕ್ತಿಯೇ ಎಂದಿತು. ಮರುವಿಚಾರಣೆಗಾಗಿ ಆ ತೀರ್ಪು ಹಿಂದೆ ಸರಿದರೂ, 2000ದಲ್ಲಿ ಸರ್ಕಾರವೇ ನಿಯಮ ಸಡಿಲಿಸಿತು. ಅದೇ ವರ್ಷ ಜಂಗರ್ ಪ್ರಕರಣದಲ್ಲಿ ಬೇರೊಂದು ಮೇಲ್ಮನವಿ ನ್ಯಾಯಾಲಯ ಅದೇ ತತ್ತ್ವವನ್ನು ಎತ್ತಿಹಿಡಿಯಿತು.

ನಮ್ಮ ಕಾನೂನು ಎರಡು ಮಾತು ಆಡುತ್ತದೆ. ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’. ತೆರಿಗೆಯ ಮಟ್ಟಿಗೆ, ಡಿಸ್ಕಿನಲ್ಲಿ ಮಾರುವ ತಂತ್ರಾಂಶ ‘ಸರಕು’ ಎಂದು 2004ರ ಟಾಟಾ ಕನ್ಸಲ್ಟೆನ್ಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಸರಕಿನ ನಿಯಂತ್ರಣವೆಂಬ ಹೆಸರಿನಲ್ಲಿ ಮಾತಿನ ಬಾಯಿ ಕಟ್ಟಲಾಗದೆಂಬುದಕ್ಕೂ ನಿದರ್ಶನವಿದೆ: ಪತ್ರಿಕೆಗಳ ಪುಟಸಂಖ್ಯೆಯನ್ನು ಹತ್ತಕ್ಕೆ ಸೀಮಿತಗೊಳಿಸಿದ ಕಾಗದದ ಆಮದು ನೀತಿಯನ್ನು 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ರದ್ದುಗೊಳಿಸಿತು. ವಾಕ್ ಸ್ವಾತಂತ್ರ್ಯಕ್ಕೆ ದೇಶದ ಗಡಿಯೇ ಎಲ್ಲೆಯಲ್ಲವೆಂದು 1978ರ ಮೇನಕಾ ಗಾಂಧಿ ತೀರ್ಪು ಸಾರಿತು. ಆದರೆ ಸಂವಿಧಾನದ 19(2)ನೆಯ ವಿಧಿಯು ರಾಷ್ಟ್ರದ ಭದ್ರತೆಗಾಗಿಯೂ ವಿದೇಶಗಳೊಡನೆ ಸ್ನೇಹಸಂಬಂಧಕ್ಕಾಗಿಯೂ ನ್ಯಾಯೋಚಿತ ನಿರ್ಬಂಧವನ್ನು ಒಪ್ಪುತ್ತದೆ. ನಿರ್ಬಂಧ ‘ನ್ಯಾಯೋಚಿತ’ವೇ ಎಂಬುದರಲ್ಲಿಯೇ ವಿವಾದದ ತಿರುಳಿದೆ.

ಕನ್ನಡ ಶಾಲೆಯಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋದ ಮಕ್ಕಳು ಇಷ್ಟನ್ನು ತಿಳಿದಿರಬೇಕು. ಈಗಾಗಲೇ ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿಗೂ ಮೂಲ ವೈಜ್ಞಾನಿಕ ಸಂಶೋಧನೆಗೂ ಪಟ್ಟಿಯಲ್ಲಿಯೇ ವಿನಾಯಿತಿಯಿದೆ. ವಿದೇಶಿ ಗಿರಾಕಿಗೆ ಗೂಢಲಿಪಿಯ ತಂತ್ರಾಂಶ ಕಳುಹಿಸುವ ಮುನ್ನ ಪಟ್ಟಿಯನ್ನು ಓದಬೇಕು. ಸಂಶಯವಿದ್ದರೆ ಕೊಯಮತ್ತೂರಿನಲ್ಲಿಯೇ ಇರುವ ವಿದೇಶ ವ್ಯಾಪಾರ ನಿರ್ದೇಶನಾಲಯದ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಬೇಕು. ಅಂಜಿ ಬರೆಯದೆ ಉಳಿಯುವುದೂ ನಷ್ಟ, ಅರಿಯದೆ ಕಳುಹಿಸುವುದೂ ಅಪಾಯ.