ಕುಮಾರಿ ಅರ್ಚನಾ ಕಾಮತ್ ಮತ್ತು ಟೇಬಲ್ ಟೆನಿಸ್ಸಿನ ವ್ಯವಸಾಯ

ಟೇಬಲ್ ಟೆನಿಸ್ ಎಂದರೆ ದೊಡ್ಡ ಊರುಗಳ ಜನರು ಸಂಜೆಯ ಹೊತ್ತು ಕಳೆಯಲಿಕ್ಕೆ ಆಡುವ ಆಟವೆಂಬ ತಿಳುವಳಿಕೆಯು ನಮ್ಮ ಕಡೆಯ ಪಾಲಕರಲ್ಲಿ ಅನೇಕರಿಗೆ ಇರುವದು. ಅದನ್ನೇ ವ್ಯವಸಾಯವನ್ನಾಗಿ ಮಾಡಿಕೊಂಡು ಒಬ್ಬ ಕನ್ನಡ ನಾಡಿನ ಕನ್ಯೆಯು ಒಲಿಂಪಿಕ್ ಕ್ರೀಡೆಗಳ ವರೆಗೆ ಹೋದಳೆಂದರೆ ಅವರು ಸಂತೋಷಪಡುವರು. ಹೋಗಿ ಬಂದ ಕೆಲವೇ ದಿವಸಗಳಲ್ಲಿ ಆ ಆಟವನ್ನು ತಾನಾಗಿಯೇ ಬಿಟ್ಟು ಓದಿಗೆ ಮರಳಿದಳೆಂದರೆ ಹುಬ್ಬೇರಿಸುವರು. ಬೆಂಗಳೂರಿನ ಕುಮಾರಿ ಅರ್ಚನಾ ಕಾಮತ್ ಇವರ ವಿಷಯದಲ್ಲಿ ಇವೆರಡೂ ೨೦೨೪ನೆಯ ಇಸವಿಯ ಅಗಸ್ಟ ತಿಂಗಳಲ್ಲಿ ಒಂದರ ಹಿಂದೊಂದು ನಡೆದವು. ಆಗ “ಇಷ್ಟು ವರ್ಷದ ಶ್ರಮವು ನೀರಿನಲ್ಲಿ ಹೋಮವಾಯಿತಲ್ಲ” ಎಂದು ಕೆಲವರೂ, “ಕೊನೆಗಾದರೂ ಬುದ್ಧಿ ಬಂತು” ಎಂದು ಬೇರೆ ಕೆಲವರೂ ಅಂದರು. ಎರಡೂ ಮಾತುಗಳು ನಮಗೆ ಸರಿದೋರಲಿಲ್ಲ. ಇಂಥ ಆಟಗಾರ್ತಿಯ ಜೀವನಕ್ರಮವು ಹೇಗಿರುವದೆಂಬದನ್ನು ತಿಳಿಯದೆ ತೀರ್ಪು ಹೇಳುವದು ಅನ್ಯಾಯವಾದ್ದರಿಂದ, ಆ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಸ್ವಲ್ಪ ವಿಸ್ತರಿಸಿ ಇಡಬೇಕೆಂದು ಮಾಡಿದ್ದೇವೆ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಮೇಜಿನ ಉದ್ದವು ೨.೭೪ ಮೀಟರು, ಅಗಲವು ೧.೫೨೫ ಮೀಟರು, ನೆಲದಿಂದ ಎತ್ತರವು ೭೬ ಸೆಂಟಿಮೀಟರು. ನಡುವೆ ಕಟ್ಟಿದ ಜಾಳಿಗೆಯ ಎತ್ತರವು ೧೫.೨೫ ಸೆಂಟಿಮೀಟರು ಮಾತ್ರ. ಚೆಂಡು ೪೦ ಮಿಲಿಮೀಟರು ಅಡ್ಡಳತೆಯದು, ತೂಕವು ೨.೭ ಗ್ರಾಮು, ಅಂದರೆ ಮೂರು ಗ್ರಾಮೂ ಇಲ್ಲ. ಇಷ್ಟು ಹಗುರಾದ ವಸ್ತುವನ್ನು ಇಷ್ಟು ಸಮೀಪದಿಂದ ಹೊಡೆಯುವಾಗ ಎದುರಾಳಿಗೆ ವಿಚಾರ ಮಾಡಲಿಕ್ಕೆ ಸಿಗುವ ಕಾಲವು ಕಣ್ಣು ಮಿಟುಕಿಸುವಷ್ಟೇ. ಆದರೆ ವೇಗಕ್ಕಿಂತ ಹೆಚ್ಚಿನ ಗುಟ್ಟು ಚೆಂಡಿನ ತಿರುಗಿನಲ್ಲಿ ಇದೆ. ಬ್ಯಾಟಿಗೆ ಅಂಟಿಸಿದ ರಬ್ಬರಿನಿಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆದರೆ ಅದು ಮುಂದಕ್ಕೆ ಉರುಳುತ್ತ ಹೋಗಿ, ಮೇಜಿಗೆ ತಗಲಿದೊಡನೆ ಮುನ್ನುಗ್ಗುವದು; ಮೇಲಿನಿಂದ ಕೆಳಕ್ಕೆ ಕೊಯ್ದಂತೆ ಹೊಡೆದರೆ ಹಿಮ್ಮೊಗವಾಗಿ ತಿರುಗಿ, ಎದುರಾಳಿಯ ಬ್ಯಾಟಿಗೆ ತಗಲಿ ಜಾಳಿಗೆಯೊಳಗೆ ಬೀಳುವದು. ಯಾವ ತಿರುಗು ಬರುತ್ತಿದೆಯೆಂಬದನ್ನು ಎದುರಿನವರ ಮಣಿಕಟ್ಟನ್ನು ನೋಡಿಯೇ ಓದಬೇಕು. ಬ್ಯಾಟಿನ ಒಂದು ಬದಿಯು ಕಪ್ಪು, ಇನ್ನೊಂದು ಬದಿಯು ಕೆಂಪು ಅಥವಾ ಬೇರೆ ಎದ್ದು ಕಾಣುವ ಬಣ್ಣದ್ದು ಇರಬೇಕೆಂದು ನಿಯಮ ಮಾಡಿದ್ದು ಇದಕ್ಕಾಗಿಯೇ. ಎರಡು ಬದಿಗಳ ರಬ್ಬರಿನ ಗುಣವು ಬೇರೆ ಬೇರೆಯಾಗಿರಬಹುದು. ಯಾವ ಬದಿಯಿಂದ ಹೊಡೆದರೆಂಬದು ಎದುರಾಳಿಗೆ ಕಾಣಬೇಕು. ಆರಂಭದ ಹೊಡೆತಕ್ಕೆ ಚೆಂಡನ್ನು ತೆರೆದ ಅಂಗೈಯಿಂದ ಕನಿಷ್ಠ ೧೬ ಸೆಂಟಿಮೀಟರು ಮೇಲಕ್ಕೆ ಹಾರಿಸಬೇಕೆಂಬದೂ, ಅದನ್ನು ಮೈಯಿಂದಾಗಲಿ ಕೈಯಿಂದಾಗಲಿ ಮರೆಮಾಡಕೂಡದೆಂಬದೂ ಇಂಥದೇ ಕಾರಣದಿಂದ. ಬರೇ ಮೈಬಲದಿಂದ ಗೆಲ್ಲುವ ಆಟವು ಇದಲ್ಲವೆಂಬದು ಇದರಿಂದ ತಿಳಿಯಬಹುದು. ಗಣಿತದಲ್ಲಿ ಚುರುಕಾದ ಹುಡುಗಿಯರು ಈ ಆಟವನ್ನು ಬೇಗ ಹಿಡಿಯುವದನ್ನು ನಾವು ಕಂಡಿದ್ದೇವೆ.

೧೯೨೬ರಲ್ಲಿ ಅಂತರರಾಷ್ಟ್ರೀಯ ಸಂಘವು ಸ್ಥಾಪನೆಯಾಯಿತು. ೧೯೫೨ರಲ್ಲಿ ಮುಂಬಯಿಯಲ್ಲಿಯೇ ಜಾಗತಿಕ ಪಂದ್ಯಾವಳಿ ನಡೆದಾಗ ಜಪಾನದ ಹಿರೋಜಿ ಸಾತೋ ಎಂಬವರು ಬ್ಯಾಟಿಗೆ ಸ್ಪಂಜು ಅಂಟಿಸಿಕೊಂಡು ಬಂದು, ಸಪ್ಪಳವೇ ಇಲ್ಲದ ಹೊಡೆತಗಳಿಂದ ಎಲ್ಲರನ್ನೂ ಸೋಲಿಸಿದರು. ಇಂದಿನ ಆಟದ ಮಾರ್ಗವು ಅಲ್ಲಿಂದ ತಿರುಗಿತೆನ್ನಬಹುದು. ಒಲಿಂಪಿಕ್ಕಿನಲ್ಲಿ ಇದಕ್ಕೆ ಸ್ಥಾನ ದೊರೆತದ್ದು ೧೯೮೮ರಲ್ಲಿ, ಸಿಯೋಲಿನಲ್ಲಿ. ನಮ್ಮ ರಾಜ್ಯದ ಸ್ತ್ರೀಯರು ಈ ಆಟಕ್ಕೆ ಹೊಸಬರಲ್ಲ: ೧೯೬೬ನೆಯ ವರ್ಷದ ಅರ್ಜುನ ಪ್ರಶಸ್ತಿಯನ್ನು ಪಡೆದ ಶ್ರೀಮತಿ ಉಷಾ ಸುಂದರರಾಜ್ ಇವರು ಇಲ್ಲಿಯವರೇ.

ಅರ್ಚನಾ ಅವರು ಹುಟ್ಟಿದ್ದು ೨೦೦೦ನೆಯ ಇಸವಿ ಜೂನ ೧೭ರಂದು, ಬೆಂಗಳೂರಿನಲ್ಲಿ. ತಂದೆತಾಯಿಗಳಿಬ್ಬರೂ ಕಣ್ಣಿನ ವೈದ್ಯರು. ಒಂಬತ್ತು ವರ್ಷದ ಸುಮಾರಿಗೆ ಬ್ಯಾಟು ಹಿಡಿದ ಈ ಹುಡುಗಿ ೨೦೧೮ರಲ್ಲಿ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ನಗರದಲ್ಲಿ ಜರುಗಿದ ಯುವಜನರ ಒಲಿಂಪಿಕ್ಕಿನಲ್ಲಿ ಉಪಾಂತ್ಯದ ವರೆಗೆ ಹೋದರು. ಅಲ್ಲಿ ಅವರನ್ನು ಸೋಲಿಸಿದವರು ಚೀನದ ಸುನ್ ಯಿಂಗ್‌ಷಾ. ಮುಂದೆ ೨೦೨೩ರಲ್ಲಿಯೂ ೨೦೨೫ರಲ್ಲಿಯೂ ಜಗತ್ತಿನ ಸ್ತ್ರೀಯರ ಪಟ್ಟವನ್ನು ಗೆದ್ದವರು ಅವರೇ. ಅರ್ಚನಾ ನಾಲ್ಕನೆಯ ಸ್ಥಾನದಲ್ಲಿ ನಿಂತರು. ಪದಕವು ಒಂದು ಮೆಟ್ಟಿಲಿನಿಂದ ತಪ್ಪಿತು. ೨೦೧೯ರ ಜನವರಿಯಲ್ಲಿ ಕಟಕ ನಗರದಲ್ಲಿ ಹಿರಿಯರ ರಾಷ್ಟ್ರೀಯ ಪಂದ್ಯಾವಳಿ ನಡೆದಾಗ, ಅದಾಗಲೇ ದೇಶದಲ್ಲೆಲ್ಲ ಹೆಸರಾಗಿದ್ದ ಮಣಿಕಾ ಬಾತ್ರಾ ಅವರನ್ನೂ ಸೋಲಿಸಿ, ಹದಿನೆಂಟನೆಯ ವಯಸ್ಸಿನಲ್ಲಿಯೇ ಸ್ತ್ರೀಯರ ಪಟ್ಟವನ್ನು ತಮ್ಮದಾಗಿ ಮಾಡಿಕೊಂಡರು. ಅದೇ ವರ್ಷ ಅದೇ ಊರಿನಲ್ಲಿ ಕಾಮನ್‌ವೆಲ್ತ್ ದೇಶಗಳ ಪಂದ್ಯಾವಳಿಯಲ್ಲಿ ಜಿ. ಸತ್ಯನ್ ಅವರೊಡನೆ ಮಿಶ್ರ ಜೋಡಿಯ ಬಂಗಾರದ ಪದಕ ಬಂತು.

ಸೋತ ಮಣಿಕಾ ಅವರೇ ಮುಂದೆ ಅರ್ಚನಾ ಅವರಿಗೆ ಜೊತೆಗಾರ್ತಿಯಾದರು. ಈ ಜೋಡಿಯು ೨೦೨೧ರಲ್ಲಿ ಸ್ಲೊವೇನಿಯದ ಲಾಸ್ಕೊ ಊರಿನಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದನ್ನು ಗೆದ್ದಿತು. ಅದೇ ವರ್ಷ ಅಮೇರಿಕೆಯ ಹ್ಯೂಸ್ಟನ್ ನಗರದಲ್ಲಿ ಜಾಗತಿಕ ಪಂದ್ಯಾವಳಿಯ ಎಂಟರ ಘಟ್ಟವನ್ನು ಮುಟ್ಟಿತು. ಅಲ್ಲಿ ಒಂದೇ ಒಂದು ಪಂದ್ಯ ಗೆದ್ದಿದ್ದರೆ ಪದಕ. ಅದನ್ನು ತಪ್ಪಿಸಿದ ಲಕ್ಸೆಂಬರ್ಗ ದೇಶದ ಜೋಡಿಯಲ್ಲಿ ಒಬ್ಬರಾದ ನೀ ಶಿಯಾಲಿಯಾನ್ ಅವರಿಗೆ ಆಗ ವಯಸ್ಸು ಐವತ್ತೆಂಟು! ಅವರು ೨೦೨೪ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿಯೂ ಆಡಿ ಒಂದು ಪಂದ್ಯ ಗೆದ್ದರು. ಮದುವೆಯಾಯಿತು, ಇನ್ನೆಂಥ ಆಟ ಎಂದು ಇಪ್ಪತ್ತೆರಡರಲ್ಲಿ ಬ್ಯಾಟು ಬದಿಗಿಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸಂಗತಿಯನ್ನು ಎರಡು ಸಲ ಓದಿಕೊಳ್ಳಲಿ.

ಈಗ ವ್ಯವಸಾಯದ ಮಾತು. ಆಟಗಾರ್ತಿಗೆ ಪಗಾರ ಕೊಡುವವರು ಯಾರು? ನಮ್ಮ ದೇಶದಲ್ಲಿ ಬಹುಮಟ್ಟಿಗೆ ರೇಲ್ವೆ, ರಿಜರ್ವ ಬ್ಯಾಂಕು, ಪೆಟ್ರೋಲಿಯಮ್ಮಿನ ಸರಕಾರೀ ಕಂಪನಿಗಳು ಮೊದಲಾದವು ನೌಕರಿ ಅಥವಾ ವಿದ್ಯಾರ್ಥಿವೇತನ ಕೊಟ್ಟು, ತಮ್ಮ ಪರವಾಗಿ ಆಡಿಸುವವು. ೨೦೧೪ರಿಂದ ಕೇಂದ್ರ ಸರಕಾರವು ಒಲಿಂಪಿಕ್ ಪದಕದ ಆಸೆಯುಳ್ಳವರಿಗಾಗಿ ಒಂದು ಯೋಜನೆಯನ್ನು ನಡೆಯಿಸುತ್ತ ಬಂದಿದೆ. ಅದರ ಮೊದಲ ವರ್ಗದವರಿಗೆ ತರಬೇತಿನ ಮತ್ತು ಪ್ರಯಾಣದ ವೆಚ್ಚವಲ್ಲದೆ ತಿಂಗಳಿಗೆ ೫೦,೦೦೦ ರೂಪಾಯಿ ಕೈಖರ್ಚಿಗೆಂದು ಗೊತ್ತುಮಾಡಲ್ಪಟ್ಟಿತು. ೨೦೧೭ರಲ್ಲಿ ಊರೂರಿನ ತಂಡಗಳ ಲೀಗು ಆರಂಭವಾಗಿ ಅದರಿಂದಲೂ ಸ್ವಲ್ಪ ಆದಾಯವಾಗತೊಡಗಿತು. ಆದರೆ ಇವೆಲ್ಲ ಮೇಲಿನ ಹಂತಕ್ಕೆ ಬಂದವರ ಮಾತು. ಅಲ್ಲಿಯ ವರೆಗಿನ ಖರ್ಚೆಲ್ಲ ತಂದೆತಾಯಿಗಳ ಕೈಯಿಂದಲೇ. ರಬ್ಬರು ಬೇಗ ಸವೆಯುವದು, ಬದಲಾಯಿಸುತ್ತಲೇ ಇರಬೇಕು, ತರಬೇತಿನವರಿಗೆ ಕೊಡಬೇಕು, ಪರದೇಶದ ಪ್ರಯಾಣಗಳು ಬೇರೆ.

ಈ ಪ್ರಯಾಣಗಳನ್ನು ಬಿಡಲಿಕ್ಕೂ ಬಾರದು. ಜಗತ್ತಿನ ಆಟಗಾರರ ಶ್ರೇಯಾಂಕವನ್ನು ಎಣಿಸುವ ರೀತಿಯನ್ನು ಕೇಳಿದರೆ ಕಾರಣವು ತಿಳಿಯುವದು. ಒಂದು ವರ್ಷದೊಳಗಿನ ಪಂದ್ಯಾವಳಿಗಳ ಪೈಕಿ ಆಟಗಾರ್ತಿಗೆ ಹೆಚ್ಚು ಅಂಕ ತಂದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವರು. ಹನ್ನೆರಡು ತಿಂಗಳು ತುಂಬಿದೊಡನೆ ಹಳೆಯ ಅಂಕಗಳು ಅಳಿದುಹೋಗುವವು. ಆದ್ದರಿಂದ ಹೋದ ವರ್ಷ ಎಷ್ಟು ಗೆದ್ದಿದ್ದರೂ ಈ ವರ್ಷ ಮತ್ತೆ ಗೆಲ್ಲಬೇಕು. ಕಾಲು ಉಳುಕಿತೆಂದಾಗಲಿ ಪರೀಕ್ಷೆ ಬಂತೆಂದಾಗಲಿ ಆರು ತಿಂಗಳು ಮನೆಯಲ್ಲಿ ಕುಳಿತವರು ಪಟ್ಟಿಯಲ್ಲಿ ಕೆಳಗಿಳಿಯುವರು. ಕೆಳಗಿಳಿದವರಿಗೆ ದೊಡ್ಡ ಪಂದ್ಯಾವಳಿಗಳಲ್ಲಿ ಪ್ರವೇಶವಿಲ್ಲ. ಪ್ರವೇಶವಿಲ್ಲದೆ ದೊಡ್ಡ ಅಂಕಗಳಿಲ್ಲ. ಮಳೆಯನ್ನು ನಂಬಿದ ನಮ್ಮ ರಾಮದುರ್ಗ ಸೀಮೆಯ ಒಕ್ಕಲಿಗನಿಗೆ ಹಿಂದಿನ ವರ್ಷದ ಜೋಳ ಹಗೇವಿನಲ್ಲಾದರೂ ಇರುವದು. ಇವರಿಗೆ ಅದೂ ಇಲ್ಲ.

ಆಯ್ಕೆಯ ಸಂಕಟವು ಇನ್ನೊಂದು. ೨೦೨೨ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಮೊದಲು ಪ್ರಕಟವಾದ ಪಟ್ಟಿಯಲ್ಲಿ ಅರ್ಚನಾ ಅವರ ಹೆಸರಿತ್ತು. ಕೊನೆಯ ಪಟ್ಟಿಯಲ್ಲಿ ಇರಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಸ್ಥಾನವು ಮರಳಿ ಬರಲಿಲ್ಲ. ಎರಡು ವರ್ಷಗಳ ಮೇಲೆ ಪ್ಯಾರಿಸ್ಸಿಗೆ ತಂಡವನ್ನು ಆರಿಸುವಾಗ ತಕ್ಕಡಿಯು ಇನ್ನೊಂದು ಕಡೆಗೆ ವಾಲಿತು. ಶ್ರೀಜಾ ಅಕುಲಾ, ಮಣಿಕಾ ಬಾತ್ರಾ ಇವರ ನಂತರದ ಮೂರನೆಯ ಸ್ಥಾನಕ್ಕೆ ಅರ್ಚನಾ ಅವರನ್ನು ಆರಿಸಿದರು. ಬಂಗಾಲದ ಅಯ್ಹಿಕಾ ಮುಖರ್ಜಿ ಅವರನ್ನು ಕಾಯ್ದ ಆಟಗಾರ್ತಿಯಾಗಿ ಹೊರಗಿಟ್ಟರು. ಜಾಗತಿಕ ಶ್ರೇಯಾಂಕದಲ್ಲಿ ಅರ್ಚನಾ ಮೇಲಿದ್ದದ್ದು ನಿಜ. ಆದರೆ ಅಯ್ಹಿಕಾ ಅವರು ಅದೇ ವರ್ಷದ ಫೆಬ್ರುವರಿಯಲ್ಲಿ ಬೂಸಾನ್ ನಗರದಲ್ಲಿ, ಆಗ ಜಗತ್ತಿಗೇ ಮೊದಲನೆಯವರಾಗಿದ್ದ ಸುನ್ ಯಿಂಗ್‌ಷಾ ಅವರನ್ನು ಸೋಲಿಸಿದ್ದರು. ಆದುದರಿಂದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಅಂಕಗಳ ಪಟ್ಟಿಯನ್ನು ಅನುಸರಿಸುವದು ನ್ಯಾಯವೋ, ಒಂದು ದಿವಸದ ಮಹಾಜಯವನ್ನು ಮನ್ನಿಸುವದು ನ್ಯಾಯವೋ? ಪರೀಕ್ಷೆಯ ಗುಣಗಳನ್ನು ಕೊಡುವವರಾದ ನಮಗೆ ಪಟ್ಟಿಯ ಕಡೆಗೇ ಒಲವು. ಪಟ್ಟಿಯ ನಿಯಮವು ಎಲ್ಲರಿಗೂ ಮೊದಲೇ ತಿಳಿದಿರುವದು. ಹಾಗಿದ್ದರೂ ಹೊರಗುಳಿದವರ ದುಃಖವು ಅದರಿಂದ ಕಡಿಮೆಯಾಗದು.

ಅಂತೂ ಅರ್ಚನಾ ಪ್ಯಾರಿಸ್ಸಿಗೆ ಹೋದರು. ಭಾರತದ ಸ್ತ್ರೀಯರ ತಂಡವು ಒಲಿಂಪಿಕ್ಕಿಗೆ ಅರ್ಹವಾದದ್ದೇ ಅದು ಮೊದಲನೆಯ ಸಲ. ತಂಡಗಳ ಸ್ಪರ್ಧೆಯಲ್ಲಿ ಮೊದಲು ಒಂದು ಜೋಡಿ ಪಂದ್ಯ, ಅನಂತರ ನಾಲ್ಕು ಒಂಟಿ ಪಂದ್ಯಗಳು. ಮೂರು ಗೆದ್ದವರಿಗೆ ಜಯ. ಅಗಸ್ಟ ೫ರಂದು, ತಮಗಿಂತ ಬಹಳ ಮೇಲಿನವರೆಂದು ಎಣಿಸಲ್ಪಟ್ಟ ರುಮೇನಿಯಾದವರನ್ನು ನಮ್ಮವರು ೩-೨ರಿಂದ ಸೋಲಿಸಿದರು. ಶ್ರೀಜಾ-ಅರ್ಚನಾ ಜೋಡಿಯು ಮೊದಲನೆಯ ಪಂದ್ಯವನ್ನು ಗೆದ್ದುಕೊಟ್ಟಿತು; ಮಣಿಕಾ ಎರಡು ಗೆದ್ದರು; ಅರ್ಚನಾ ತಮ್ಮ ಒಂಟಿ ಪಂದ್ಯವನ್ನು ಸೋತರು. ಎರಡು ದಿವಸ ಬಿಟ್ಟು ಎಂಟರ ಘಟ್ಟದಲ್ಲಿ ಜರ್ಮನಿಯವರು ಎದುರಾದರು. ಜೋಡಿಯೂ ಸೋತಿತು, ಮಣಿಕಾ ಅವರೂ ಸೋತರು. ಇನ್ನೊಂದು ಸೋತರೆ ಎಲ್ಲವೂ ಮುಗಿಯಿತೆಂಬ ಹೊತ್ತಿನಲ್ಲಿ, ಹೊರಗಿಡಬೇಕಾಗಿತ್ತೆಂದು ಅನೇಕರು ಬರೆದಿದ್ದ ಅರ್ಚನಾ ಅವರು ಬಹುಕಾಲದ ಅನುಭವವುಳ್ಳ ಶಾನ್ ಶಿಯಾವೋನಾ ಅವರೆದುರು ನಿಂತರು. ಮೊದಲ ಆಟವು ೧೯-೧೭. ಹನ್ನೊಂದಕ್ಕೆ ಮುಗಿಯಬೇಕಾದ ಆಟವು, ಎರಡು ಅಂಕಗಳ ಅಂತರ ಬೇಕೆಂಬ ನಿಯಮದಿಂದ, ಅಷ್ಟು ದೂರ ಎಳೆಯಿತು. ಎರಡನೆಯದನ್ನು ೧-೧೧ರಿಂದ ಸೋತರು. ಅಂಥ ಸೋಲಿನ ಮೇಲೆ ಕೈ ನಡುಗುವದು ಸಹಜ, ಇವರದು ನಡುಗಲಿಲ್ಲ. ಉಳಿದೆರಡನ್ನು ೧೧-೫, ೧೧-೯ರಿಂದ ಗೆದ್ದರು. ಮುಂದಿನ ಪಂದ್ಯದಲ್ಲಿ ಶ್ರೀಜಾ ಸೋತದ್ದರಿಂದ ತಂಡವು ೧-೩ರಿಂದ ಹೊರಬಿತ್ತು. ಆ ಒಂದು ಮಾತ್ರ ಅರ್ಚನಾ ಅವರದು.

ಮರಳಿ ಬಂದ ಮೇಲೆ ಅವರು ತಮ್ಮ ತರಬೇತಿನವರಾದ ಅಂಶುಲ್ ಗರ್ಗ್ ಅವರನ್ನು, ೨೦೨೮ರ ಲಾಸ್ ಏಂಜಲೀಸ್ ಒಲಿಂಪಿಕ್ಕಿನಲ್ಲಿ ತಮಗೆ ಪದಕ ಸಿಗುವ ಸಂಭವವೆಷ್ಟೆಂದು ಕೇಳಿದರೆಂದೂ, ಕಷ್ಟವೆಂದು ಗರ್ಗ್ ಅವರು ಮುಚ್ಚುಮರೆಯಿಲ್ಲದೆ ಹೇಳಿದರೆಂದೂ ಪತ್ರಿಕೆಗಳಲ್ಲಿ ಬಂತು. ಶಿಷ್ಯೆಗೆ ನಿಜವನ್ನು ಹೇಳಿದ ಆ ಗುರುವನ್ನು ನಾವು ಮೆಚ್ಚುತ್ತೇವೆ. ಅರ್ಚನಾ ಅವರು ಆಟವನ್ನು ಬಿಟ್ಟು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಟರು. ಆಟದಲ್ಲಿ ಹೊಟ್ಟೆ ತುಂಬದೆಂದು ಬಿಟ್ಟರೆಂದು ಕೆಲವರು ಬರೆದರು. ತಮಗೆ ಸರಕಾರದಿಂದಲೂ ಇತರರಿಂದಲೂ ಸಾಕಷ್ಟು ನೆರವು ದೊರೆತಿತ್ತು, ಬಿಟ್ಟದ್ದು ಓದಿನ ಮೇಲಿನ ಪ್ರೀತಿಯಿಂದಲೇ ಹೊರತು ಹಣಕ್ಕಾಗಿ ಅಲ್ಲ ಎಂದು ಅವರೇ ಬಹಿರಂಗವಾಗಿ ತಿಳಿಸಿದರು. ಆಡುತ್ತಿರುವಾಗಲೂ ಅವರು ಅಭ್ಯಾಸವನ್ನು ಬಿಟ್ಟವರಲ್ಲ. ಈ ಹಾದಿಯು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವರಿಗೆ ತೆರೆದಿದ್ದದ್ದು ಅದರಿಂದಲೇ. ಪುಸ್ತಕವನ್ನು ಹದಿನಾಲ್ಕರಲ್ಲಿಯೇ ಮುಚ್ಚಿಟ್ಟ ಆಟಗಾರ್ತಿಗೆ ಅದು ಮುಚ್ಚಿಯೇ ಇರುತ್ತಿತ್ತು. ಮಗಳನ್ನು ಆಟಕ್ಕೆ ಕಳಿಸಬೇಕೋ ಶಾಲೆಗೆ ಕಳಿಸಬೇಕೋ ಎಂದು ನಮ್ಮನ್ನು ಕೇಳುವ ಪಾಲಕರಿಗೆ ನಾವು ಹೇಳುತ್ತ ಬಂದದ್ದೂ ಇಷ್ಟೇ: ಎರಡಕ್ಕೂ ಕಳಿಸಿರಿ, ಯಾವದನ್ನು ಬಿಡಬೇಕೆಂಬದನ್ನು ದೊಡ್ಡವಳಾದ ಮೇಲೆ ಅವಳೇ ಗೊತ್ತುಮಾಡಲಿ.

ಬಿಡದೆ ಹಿಡಿದವರ ಉದಾಹರಣೆಗಳೂ ಇವೆ. ಬ್ರಾಜಿಲ ದೇಶದಲ್ಲಿ ಜನರ ಪ್ರಾಣವೆಲ್ಲ ಕಾಲ್ಚೆಂಡಿನ ಮೇಲೆ. ಆ ದೇಶದ ಹ್ಯೂಗೋ ಕಾಲ್ಡೆರಾನೋ ಎಂಬವರು ತಾರುಣ್ಯದಲ್ಲಿಯೇ ಮನೆ ಬಿಟ್ಟು, ಜರ್ಮನಿಯ ಓಕ್ಸೆನ್‌ಹೌಸನ್ ಎಂಬ ಊರಿನ ಸಂಘಕ್ಕಾಗಿ ಹಲವು ವರ್ಷ ಆಡಿದರು. ಪ್ಯಾರಿಸ್ಸಿನಲ್ಲಿ ಅವರಿಗೂ ನಾಲ್ಕನೆಯ ಸ್ಥಾನವೇ. ೨೦೨೫ರ ಎಪ್ರಿಲದಲ್ಲಿ ಮಕಾವಿನಲ್ಲಿ ವಿಶ್ವ ಕಪ್ಪನ್ನು ಗೆದ್ದರು. ಅಮೇರಿಕಾ ಖಂಡಗಳಿಂದ ಅದನ್ನು ಗೆದ್ದವರಲ್ಲಿ ಅವರೇ ಮೊದಲಿಗರು. ಅದೇ ದೇಶದ ಬ್ರೂನಾ ಅಲೆಕ್ಸಾಂಡ್ರೆ ಎಂಬಾಕೆಗೆ ಎಳೆಗೂಸಾಗಿದ್ದಾಗಲೇ ಬಲಗೈ ಹೋಯಿತು. ಎಡಗೈಯಲ್ಲಿ ಬ್ಯಾಟು, ಚೆಂಡನ್ನು ಹಾರಿಸುವದೂ ಅದೇ ಕೈಯಿಂದ. ೨೦೨೪ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಕಿನಲ್ಲಿಯೂ ಅಂಗವಿಕಲರ ಪ್ಯಾರಾಲಿಂಪಿಕ್ಕಿನಲ್ಲಿಯೂ ಅವರು ಆಡಿದರು.

ಅರ್ಚನಾ ಅವರು ಬಿಟ್ಟುಹೋದ ಸ್ಥಾನದ ಸಂಗತಿಯೊಂದು ಉಳಿಯಿತು. ೨೦೨೪ರ ಅಕ್ಟೋಬರದಲ್ಲಿ ಕಜಾಕಸ್ತಾನದ ಅಸ್ತಾನಾ ನಗರದಲ್ಲಿ ಏಶಿಯಾ ಖಂಡದ ಪಂದ್ಯಾವಳಿಗೆ ಭಾರತದ ಸ್ತ್ರೀಯರ ತಂಡವು ಹೋದಾಗ ಮಣಿಕಾ, ಶ್ರೀಜಾ ಇವರ ಜೊತೆಗೆ ಆಡಿದವರು ಪ್ಯಾರಿಸ್ಸಿನಲ್ಲಿ ಹೊರಗುಳಿದಿದ್ದ ಅಯ್ಹಿಕಾ ಮುಖರ್ಜಿ. ಅವರು ದಕ್ಷಿಣ ಕೊರಿಯಾದ ಅಗ್ರಗಣ್ಯ ಆಟಗಾರ್ತಿಯಾದ ಶಿನ್ ಯೂಬಿನ್ ಅವರನ್ನು ಸೋಲಿಸಿದರು. ತಂಡಕ್ಕೆ ಕಂಚಿನ ಪದಕ ಬಂತು. ಆ ಪಂದ್ಯಾವಳಿಯಲ್ಲಿ ನಮ್ಮ ಸ್ತ್ರೀಯರ ತಂಡಕ್ಕೆ ಅದು ಮೊದಲನೆಯ ಪದಕ.