ಆಟದ ಮೂಲಕ ಮನೆಯಲ್ಲೇ ವ್ಯಾಕರಣ

ಸಾಂತಾಕ್ರೂಜ್‌ನ ಕನ್ನಡ ಮನೆಗಳಲ್ಲಿ ಮಗು ‘ಗಾಡಿ ಬಂದಳು’ ಎಂದರೆ ನಾವು ನಗುತ್ತೇವೆ. ದೋಷ ಮಗುವಿನದಲ್ಲ, ಹಿಂದಿಯಲ್ಲಿ ಗಾಡಿ ಸ್ತ್ರೀಲಿಂಗ. ಕನ್ನಡದಲ್ಲಾದರೋ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ನಾವು ನಕ್ಕರೆ ಮಗು ಮುಂದೆ ಹಿಂದಿಯಲ್ಲೇ ಉತ್ತರಿಸೀತು.

ಬದಲಾಗಿ ಆಟವಾಡಿಸೋಣ. ಹುಡುಗ, ಹುಡುಗಿ, ಗಾಡಿ, ಬೆಕ್ಕು ಎಂದು ಚೀಟಿಗಳಲ್ಲಿ ಬರೆದು ಮಡಚಿಡಬೇಕು. ಚೀಟಿ ಎತ್ತಿದ ಮಗು ಅದಕ್ಕೆ ಬಂದನು, ಬಂದಳು, ಬಂದಿತು ಎಂಬುವುಗಳಲ್ಲಿ ಸರಿಯಾದುದನ್ನು ಜೋಡಿಸಬೇಕು.

ಲೋಕಲ್ ರೈಲಿನಲ್ಲಿ ವಿಭಕ್ತಿಯ ಆಟ. ಒಬ್ಬರು ‘ಅಂಧೇರಿ’ ಎಂದರೆ ಇನ್ನೊಬ್ಬರು ‘ಅಂಧೇರಿಯನ್ನು, ಅಂಧೇರಿಯಿಂದ, ಅಂಧೇರಿಗೆ, ಅಂಧೇರಿಯಲ್ಲಿ’ ಎನ್ನಬೇಕು. ಸ್ವರದೆದುರು ‘ಯ’ಕಾರ ಬಂದಿತು, ‘ಗೆ’ ಎದುರು ಬರಲಿಲ್ಲ ಎಂಬುದನ್ನು ಮಗುವೇ ಕಂಡುಕೊಳ್ಳಲಿ. ಆಗಮಸಂಧಿಯೆಂಬ ಹೆಸರನ್ನು ಆಮೇಲೆ ಹೇಳೋಣ.

ತಪ್ಪಿದಾಗ ಗದರದೆ, ಸರಿಯಾದ ರೂಪವನ್ನು ನಮ್ಮ ಮಾತಿನಲ್ಲಿ ಮತ್ತೊಮ್ಮೆ ಕೇಳಿಸಿದರೆ ಸಾಕು. ಊರಿನ ಅಜ್ಜಿಯೊಡನೆ ಮಗು ಅಳುಕದೆ ಮಾತನಾಡುವುದೇ ಈ ಆಟದ ಗೆಲುವು.